ಮೂಟೆ ಕಟ್ಟುವ ಮುನ್ನ

ಟೀ ಶರ್ಟಿಗೆ ಕೊರಳು ಬೇಕಾದರೆ ಮುಂದಿನ ಮತ್ತು ಹಿಂದಿನ ಭಾಗಗಳಿಂದ ಒಂದೊಂದು ಅರ್ಧಚಂದ್ರವನ್ನು ಕತ್ತರಿಸಿ ತೆಗೆಯಬೇಕು. ಎರಡೂ ಸೇರಿದರೆ ಅಂಗೈ ಅಗಲದ ಬಟ್ಟೆ. ತೂಕ ಹೆಚ್ಚೆಂದರೆ ಮೂರು ಗ್ರಾಂ. ಅದನ್ನು ಯಾರೂ ಬಟ್ಟೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಒಂದು ಲಕ್ಷ ಟೀ ಶರ್ಟಿನ ಆರ್ಡರ್ ಬಂತೆನ್ನಿ. ಬೆಂಗಳೂರಿನ ದೊಡ್ಡ ಗಾರ್ಮೆಂಟ್ಸ್‌ಗಳಿಗೆ ಇದು ಬೆಚ್ಚಿಬೀಳುವ ಸಂಖ್ಯೆಯಲ್ಲ. ಆಗ ಕೊರಳಿನ ತುಂಡುಗಳೇ 300 ಕೆಜಿ ಆಗುತ್ತವೆ. ಒಂದು ಟೀ ಶರ್ಟ್ 150 ಗ್ರಾಂ ತೂಗಿದರೆ, ಎರಡು ಸಾವಿರ ಟೀ ಶರ್ಟುಗಳ ತೂಕದಷ್ಟು ಹೊಚ್ಚಹೊಸ ಬಟ್ಟೆ ಬರೀ ಕೊರಳು ತೆಗೆದ ಜಾಗದಿಂದ ನೆಲಕ್ಕೆ ಬಿದ್ದಿರುತ್ತದೆ. ಕಂಕುಳು, ಭುಜ, ತೋಳಿನ ಇಳಿಜಾರಿನ ತುಂಡುಗಳನ್ನು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಬಟ್ಟೆಯ ಕಸ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಳೆಯ ಅಂಗಿ, ಹರಿದ ಪ್ಯಾಂಟು, ಬೀದಿಬದಿಯ ರಾಶಿ. ಯಾರ ಮೈಯನ್ನೂ ಮುಟ್ಟದೆ, ಒಮ್ಮೆಯೂ ನೀರು ಕಾಣದೆ ಕಸವಾಗುವ ಹೊಸ ಬಟ್ಟೆಯೊಂದಿದೆ. ಅದು ಎಷ್ಟೆಂದು ಲೆಕ್ಕ ಹಾಕುತ್ತ ಹೋದರೆ ಬೆರಗಾಗುತ್ತದೆ, ಆಮೇಲೆ ಸಂಕಟವಾಗುತ್ತದೆ. ಅದನ್ನು ಉಳಿಸಲು ಹೊಸ ಯಂತ್ರವಾಗಲಿ ಹೊಸ ವಿಜ್ಞಾನವಾಗಲಿ ಬೇಕಿಲ್ಲ ಎಂಬುದೇ ಆ ಸಂಕಟಕ್ಕೆ ಕಾರಣ.

ಒಂದೇ ಒಂದು ಆರ್ಡರನ್ನು ಹಿಡಿದು ನೋಡೋಣ. ಗಂಡಸರ ಉದ್ದ ತೋಳಿನ ಶರ್ಟಿಗೆ 58 ಇಂಚು ಪನ್ನದ ಬಟ್ಟೆ ಸುಮಾರು ಒಂದೂವರೆ ಮೀಟರ್ ಬೇಕು. ಲಕ್ಷ ಶರ್ಟಿಗೆ ಒಂದೂವರೆ ಲಕ್ಷ ಮೀಟರ್, ಅಂದರೆ 150 ಕಿಲೋಮೀಟರ್. ಬೆಂಗಳೂರಿನಿಂದ ಹಾಸುತ್ತ ಹೊರಟರೆ ಮೈಸೂರು ಮುಟ್ಟಿದ ಮೇಲೂ ಬಟ್ಟೆ ಉಳಿದಿರುತ್ತದೆ. ಕತ್ತರಿಸುವ ಹಂತದಲ್ಲಿ ಸರಾಸರಿ ನೂರಕ್ಕೆ ಹದಿನೈದು ಭಾಗ ಬಟ್ಟೆ ತುಂಡಾಗಿ ಹೋಗುತ್ತದೆ ಎಂಬುದು ಉಡುಪು ಉದ್ಯಮದಲ್ಲಿ ಎಲ್ಲರೂ ಬಳಸುವ ಅಂದಾಜು. ವಿನ್ಯಾಸ ಸರಳವಾಗಿದ್ದರೆ ಇದು ಹತ್ತಕ್ಕೆ ಇಳಿಯುತ್ತದೆ, ಜಟಿಲವಾಗಿದ್ದರೆ ಇಪ್ಪತ್ತಕ್ಕೆ ಏರುತ್ತದೆ. ಹದಿನೈದೆಂದೇ ಹಿಡಿದರೆ ಇಪ್ಪತ್ತೆರಡೂವರೆ ಕಿಲೋಮೀಟರ್ ಬಟ್ಟೆ: ಮೆಜೆಸ್ಟಿಕ್‌ನಿಂದ ಹೊರಟು ಕೆಂಗೇರಿ ದಾಟುವಷ್ಟು. ಚದರ ಮೀಟರಿಗೆ 120 ಗ್ರಾಂ ತೂಗುವ ಸಾಧಾರಣ ಶರ್ಟಿನ ಬಟ್ಟೆಯಾದರೆ ಅದರ ತೂಕ ಸುಮಾರು ನಾಲ್ಕು ಟನ್.

ಇದು ಕೆಲಸಗಾರರ ಉದಾಸೀನದಿಂದ ಆದದ್ದಲ್ಲ. ಕಟಿಂಗ್ ವಿಭಾಗದವರಷ್ಟು ಜತನದಿಂದ ಬಟ್ಟೆಯನ್ನು ನೋಡುವವರು ಬೇರೆ ಯಾರೂ ಇರಲಾರರು. ಮಾರ್ಕರ್ ಹಾಕುವವರು, ಅಂದರೆ ಕಾಲರ್, ತೋಳು, ಬೆನ್ನು, ಜೇಬುಗಳ ನಮೂನೆಗಳನ್ನು ಬಟ್ಟೆಯ ಅಗಲದೊಳಗೆ ಹೊಂದಿಸುವವರು, ಕಂಪ್ಯೂಟರ್ ಮುಂದೆ ಕೂತು ಅರ್ಧ ಶೇಕಡಾ ಉಳಿಸಲು ಗಂಟೆಗಟ್ಟಲೆ ಹೆಣಗುತ್ತಾರೆ. ಅದಕ್ಕೆ ಕಾರಣವಿದೆ. ನಮ್ಮ ಲೆಕ್ಕದ ಆರ್ಡರಿನಲ್ಲಿ ಒಂದೇ ಒಂದು ಶೇಕಡಾ ಉಳಿದರೆ 1,500 ಮೀಟರ್ ಉಳಿಯುತ್ತದೆ, ಅಂದರೆ ಸಾವಿರ ಶರ್ಟು. ಆದರೆ ಮನುಷ್ಯನ ಮೈ ದುಂಡು, ಬಟ್ಟೆ ಚೌಕ. ಎಳೆಯ ದಿಕ್ಕು ತಪ್ಪುವಂತಿಲ್ಲ, ಚೌಕಳಿ ಇದ್ದರೆ ಗೆರೆಗೆ ಗೆರೆ ಕೂಡಬೇಕು, ಕಂಕುಳಿನ ಬಾಗಿಗೆ ಯಾವ ತುಂಡೂ ಸರಿಯಾಗಿ ಅಂಟಿ ಕೂರುವುದಿಲ್ಲ. ಮೇಲಾಗಿ ಬಟ್ಟೆಯನ್ನು ಮೇಜಿನ ಮೇಲೆ ಪದರ ಪದರವಾಗಿ ಹಾಸಿ ಒಟ್ಟಿಗೇ ಕತ್ತರಿಸುತ್ತಾರಲ್ಲ, ಆ ಪ್ರತಿ ಪದರದ ಎರಡೂ ತುದಿಗಳಲ್ಲಿ ಎರಡೆರಡು ಸೆಂಟಿಮೀಟರ್ ಹೆಚ್ಚಿಗೆ ಬಿಡಬೇಕಾಗುತ್ತದೆ. ನೂರು ಪದರದ ಒಂದು ಲೇ ಎಂದರೆ ಅಲ್ಲಿಗೇ ನಾಲ್ಕು ಮೀಟರ್ ಹೋಯಿತು.

ತುಂಡುಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಕತ್ತರಿಯೇ ಸೋಕದ ಬಟ್ಟೆ. ಯಾವ ಕಾರ್ಖಾನೆಯೂ ಅಳತೆಗೆ ಸರಿಯಾಗಿ ಬಟ್ಟೆ ತರಿಸುವುದಿಲ್ಲ. ಮಿಲ್ಲಿನಿಂದ ಬಂದ ರೋಲಿನಲ್ಲಿ ಕಲೆ, ನೂಲಿನ ಗಂಟು, ಬಣ್ಣದ ಏರುಪೇರು ಇದ್ದರೆ ಕೊನೆಗಳಿಗೆಯಲ್ಲಿ ಕೈಕಟ್ಟಿ ಕೂರುವಂತಾಗಬಾರದೆಂದು ಕೆಲವು ಶೇಕಡಾ ಹೆಚ್ಚಿಗೇ ತರಿಸುತ್ತದೆ. ಇಷ್ಟು ಮೀಟರಿಗೆ ಕಡಿಮೆಯಾದರೆ ಬಣ್ಣ ಹಾಕಿ ಕೊಡುವುದಿಲ್ಲ ಎಂದು ಮಿಲ್ಲಿನವರದೂ ಒಂದು ಮಿತಿ ಇರುತ್ತದೆ. ಖರೀದಿದಾರ ನಡುವೆ ಬಣ್ಣ ಬದಲಿಸುತ್ತಾನೆ, ಕೆಲವೊಮ್ಮೆ ಆರ್ಡರನ್ನೇ ಕೈಬಿಡುತ್ತಾನೆ. ಮೂರೇ ಶೇಕಡಾ ಹೆಚ್ಚಿಗೆ ತರಿಸಿದ್ದರೂ ನಮ್ಮ ಲೆಕ್ಕದಲ್ಲಿ 4,500 ಮೀಟರ್ ಉಳಿಯುತ್ತದೆ. ನೂರು ಮೀಟರಿನ 45 ರೋಲುಗಳು ಗೋಡೌನಿನ ಮೂಲೆ ಸೇರುತ್ತವೆ. ಅದರಲ್ಲಿ ಮೂರು ಸಾವಿರ ಶರ್ಟುಗಳಿವೆ. ಇನ್ನು ಆರ್ಡರಿನ ಪ್ರತಿ ರೋಲಿನ ಕೊನೆಯಲ್ಲಿ, ಲೇ ಹಾಸಲು ಸಾಲದೆ, ಒಂದೊಂದು ಮೀಟರ್ ಉಳಿಯಿತೆನ್ನಿ. 1,500 ರೋಲಿಗೆ 1,500 ಮೀಟರ್ ಆಯಿತು. 58 ಇಂಚು ಪನ್ನದ ಒಂದು ಮೀಟರಿನಲ್ಲಿ ಐದು ವರ್ಷದ ಮಗುವಿಗೆ ಒಂದು ಅಂಗಿ ಆರಾಮವಾಗಿ ಬರುತ್ತದೆ. ಅಲ್ಲಿಗೆ ದೊಡ್ಡವರ ಮೂರು ಸಾವಿರ ಅಂಗಿ, ಮಕ್ಕಳ ಒಂದೂವರೆ ಸಾವಿರ ಅಂಗಿ. ನೆಲದ ಮೇಲಿನ ನಾಲ್ಕು ಟನ್ ತುಂಡುಗಳ ರಾಶಿಗೆ ಕೈ ಹಾಕುವ ಮೊದಲೇ ಒಂದೇ ಆರ್ಡರಿನಿಂದ ನಾಲ್ಕೂವರೆ ಸಾವಿರ ಉಡುಪು.

ಈಗ ಇಡೀ ದೇಶದ ಲೆಕ್ಕಕ್ಕೆ ಬರೋಣ. ಫ್ಯಾಷನ್ ಫಾರ್ ಗುಡ್ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಕೂಡಿಬೀಳುವ ಜವಳಿ ಕಸ 77.93 ಲಕ್ಷ ಟನ್. ಜಗತ್ತಿನ ಒಟ್ಟು ಜವಳಿ ಕಸದಲ್ಲಿ ಇದು ಎಂಟೂವರೆ ಶೇಕಡಾ. ಸೆಕೆಂಡಿಗೆ ಭಾಗಿಸಿದರೆ 247 ಕೆಜಿ ಬರುತ್ತದೆ. ಇಷ್ಟನ್ನು ಓದಲು ನಿಮಗೆ ಇಪ್ಪತ್ತು ಸೆಕೆಂಡು ಹಿಡಿದಿದ್ದರೆ ಐದು ಟನ್ನಿನ ಹತ್ತಿರ ಬಂತು. ಇದರಲ್ಲಿ 51 ಶೇಕಡಾ ನಾವು ಉಟ್ಟು ತೊಟ್ಟು ಬಿಟ್ಟದ್ದು, ಏಳು ಶೇಕಡಾ ಹೊರದೇಶಗಳಿಂದ ಬಂದದ್ದು. ಉಳಿದ 42 ಶೇಕಡಾ, ಸುಮಾರು 32.7 ಲಕ್ಷ ಟನ್, ಗಿರಣಿ ಮತ್ತು ಕಾರ್ಖಾನೆಗಳೊಳಗೇ ಹುಟ್ಟಿದ್ದು. ಗಿರಾಕಿಯ ಕೈಗೆ ಬಂದೇ ಇಲ್ಲ.

ಆ 32.7 ಲಕ್ಷ ಟನ್ನಿನಲ್ಲಿ ನೂಲಿನ ಗಿರಣಿಯ ಹತ್ತಿಯ ಕಸವೂ ನೂಲಿನ ಕಸವೂ ಸೇರಿವೆ. ಆದ್ದರಿಂದ ನಾನು ಕೈಬಿಗಿ ಹಿಡಿದೇ ಲೆಕ್ಕ ಮಾಡುತ್ತೇನೆ: ಮೂರರಲ್ಲಿ ಒಂದೇ ಪಾಲು ಬಟ್ಟೆಯ ರೂಪದಲ್ಲಿದೆ ಎಂದುಕೊಳ್ಳೋಣ. ಆಗ 10.9 ಲಕ್ಷ ಟನ್. ಚದರ ಮೀಟರಿಗೆ 150 ಗ್ರಾಂ ಎಂದರೆ ಅದನ್ನು ಹರಡಲು ಸುಮಾರು 7,270 ಚದರ ಕಿಲೋಮೀಟರ್ ಜಾಗ ಬೇಕು. ಕೊಡಗು ಜಿಲ್ಲೆಯ ಇಡೀ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಕಾಫಿ ತೋಟ, ಕಾಡು, ಗದ್ದೆ, ಬೆಟ್ಟ, ಹೊಳೆ ಒಂದನ್ನೂ ಬಿಡದೆ ಕೊಡಗನ್ನು ಪೂರ್ತಿ ಹೊದಿಸಿದ ಮೇಲೆ, ಎರಡನೆಯ ಪದರವೂ ಮುಕ್ಕಾಲು ಭಾಗ ಮುಗಿದಿರುತ್ತದೆ. ಇದು ಒಂದು ವರ್ಷದ ಬಟ್ಟೆ. ಮರುವರ್ಷ ಮತ್ತೆ ಅಷ್ಟೇ.

ಬಟ್ಟೆಯನ್ನು ಎಸೆದರೆ ಅದರೊಳಗಿನ ನೀರನ್ನೂ ಎಸೆದಂತೆ. ಒಂದು ಕೆಜಿ ಹತ್ತಿ ಬಟ್ಟೆಯ ಹಿಂದೆ ಜಗತ್ತಿನ ಸರಾಸರಿಯಲ್ಲಿ ಸುಮಾರು ಹತ್ತು ಸಾವಿರ ಲೀಟರ್ ನೀರಿದೆ ಎಂದು ವಾಟರ್ ಫುಟ್‌ಪ್ರಿಂಟ್ ನೆಟ್‌ವರ್ಕ್ ಲೆಕ್ಕ ಹಾಕಿದೆ. ಭಾರತದ ಹತ್ತಿಗೆ ಅದು 22,500 ಲೀಟರ್. ಇದರಲ್ಲಿ ಹೊಲಕ್ಕೆ ಬಿದ್ದ ಮಳೆಯೂ ಸೇರಿದೆ, ಎಲ್ಲವೂ ಕೊಳವೆಬಾವಿಯ ನೀರಲ್ಲ, ನಿಜ. ಆದರೂ ಕಡಿಮೆ ಅಂಕಿಯನ್ನೇ ಹಿಡಿದು ನಮ್ಮ ಶರ್ಟಿನ ಆರ್ಡರಿಗೆ ಬನ್ನಿ. ನಾಲ್ಕು ಟನ್ ತುಂಡುಬಟ್ಟೆಗೆ ನಾಲ್ಕು ಕೋಟಿ ಲೀಟರ್. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ನಮ್ಮ ದೇಶದ ನೀರು ಸರಬರಾಜಿನ ಮಾನದಂಡ. ಆ ಪ್ರಕಾರ ಎಂಟುನೂರು ಜನ ಒಂದು ವರ್ಷ ಬಳಸುವ ನೀರು ಒಂದು ಆರ್ಡರಿನ ಚೂರುಗಳಲ್ಲಿ ಕೂತಿದೆ. ರಾಯಚೂರಿನಲ್ಲೋ ಹಾವೇರಿಯಲ್ಲೋ ಹತ್ತಿ ಬೆಳೆಯುವ ರೈತ ಮೋಡ ನೋಡುತ್ತ ಕಾದದ್ದು, ಗೊಬ್ಬರಕ್ಕೆಂದು ಸಾಲ ಮಾಡಿದ್ದು, ಮನೆಮಂದಿಯೆಲ್ಲ ಹತ್ತಿ ಬಿಡಿಸಿದ್ದು ಇವಕ್ಕೆ ಅಂಕಿಯೇ ಇಲ್ಲ.

ನೆರೆಯ ಬಾಂಗ್ಲಾದೇಶದ ಅಂಕಿ ಇನ್ನೂ ಕಣ್ಣು ಕುಕ್ಕುತ್ತದೆ. ಆ ದೇಶ ತನಗೆ ಬೇಕಾದ ಹತ್ತಿಯನ್ನೆಲ್ಲ ಹೆಚ್ಚುಕಡಿಮೆ ಹೊರಗಿನಿಂದಲೇ ತರಿಸಿಕೊಳ್ಳುತ್ತದೆ. 2019ರಲ್ಲಿ ಹೀಗೆ ಬಂದದ್ದು 16.3 ಲಕ್ಷ ಟನ್. ಅದೇ ವರ್ಷ ಅಲ್ಲಿನ ಸಿದ್ಧ ಉಡುಪಿನ ಕಾರ್ಖಾನೆಗಳು ಮತ್ತು ಬಟ್ಟೆ ಗಿರಣಿಗಳಿಂದ ಬಂದ ಕಸ ಸುಮಾರು 5.77 ಲಕ್ಷ ಟನ್. ಅದರಲ್ಲಿ ಎರಡೂವರೆ ಲಕ್ಷ ಟನ್ ಬೇರೇನೂ ಬೆರೆಯದ ಶುದ್ಧ ಹತ್ತಿ. ಅಲ್ಲಿನವರು ಈ ತುಂಡುಗಳನ್ನು ‘ಝೂಟ್’ ಎನ್ನುತ್ತಾರೆ. ಆ ಶುದ್ಧ ಹತ್ತಿಯೊಂದನ್ನೇ ದೇಶದೊಳಗೆ ಮತ್ತೆ ನೂಲು ಮಾಡಿಕೊಂಡರೂ ಹತ್ತಿಯ ಆಮದು ಸುಮಾರು 15 ಶೇಕಡಾ ಇಳಿಯುತ್ತದೆ, ಐವತ್ತು ಕೋಟಿ ಡಾಲರ್ ಉಳಿಯುತ್ತದೆ ಎಂಬುದು ಈ ಅಂಕಿಗಳನ್ನು ಕಲೆಹಾಕಿದ ಅಧ್ಯಯನಕಾರರ ಅಂದಾಜು. ಕಾಂಬೋಡಿಯಾದ ಸ್ಥಿತಿ ಇದಕ್ಕಿಂತ ದಾರುಣ. ಅಲ್ಲಿ ಗಾರ್ಮೆಂಟ್ಸ್‌ನ ತುಂಡುಗಳನ್ನು ಇಟ್ಟಿಗೆ ಗೂಡುಗಳಲ್ಲಿ ಉರುವಲಾಗಿ ಸುಡುತ್ತಾರೆ. ಪಾಲಿಯೆಸ್ಟರ್, ಬಣ್ಣ, ರಾಸಾಯನಿಕ ಎಲ್ಲವೂ ಹೊಗೆಯಾಗಿ ಗೂಡಿನ ಕೂಲಿಯವರ ಶ್ವಾಸಕೋಶ ಸೇರುತ್ತವೆ.

ಇಷ್ಟೆಲ್ಲ ಹೊಸ ಬಟ್ಟೆ ಕಸವಾಗುವುದು ಯಾವ ಗಳಿಗೆಯಲ್ಲಿ? ನನ್ನ ಪ್ರಕಾರ ಕತ್ತರಿಸಿದಾಗಲ್ಲ, ಮೂಟೆ ಕಟ್ಟಿದಾಗ. ಕಟಿಂಗ್ ಮೇಜಿನ ಮೇಲಿರುವ ತುಂಡಿನ ಕುಲಗೋತ್ರ ಪೂರ್ತಿ ಗೊತ್ತಿರುತ್ತದೆ: ನೂರಕ್ಕೆ ನೂರು ಹತ್ತಿ, ಚದರ ಮೀಟರಿಗೆ ಇಷ್ಟು ಗ್ರಾಂ, ಇಂಥ ಮಿಲ್ಲು, ಇಂಥ ಬಣ್ಣದ ಲಾಟು. ಸಂಜೆ ಪೊರಕೆ ಬಂದು ಪಾಲಿಯೆಸ್ಟರ್ ಲೈನಿಂಗ್, ಕಾಲರಿನೊಳಗಿಡುವ ಬಕ್ರಂ, ಮಾರ್ಕರ್ ಕಾಗದ, ದಾರದುಂಡೆ, ಲೈಕ್ರಾ ಬೆರೆತ ತುಂಡು ಎಲ್ಲವನ್ನೂ ಒಟ್ಟಿಗೆ ಗುಡಿಸಿ ಮೂಟೆಗೆ ತುಂಬುತ್ತದೆ. ಕಾಂಟ್ರ್ಯಾಕ್ಟರ್ ಕೆಜಿ ಲೆಕ್ಕದಲ್ಲಿ ಒಯ್ಯುತ್ತಾನೆ. ಮಧ್ಯಾಹ್ನ ಎಲ್ಲ ವಿವರವೂ ಇದ್ದ ಬಟ್ಟೆ ರಾತ್ರಿಯ ಹೊತ್ತಿಗೆ ಹೆಸರಿಲ್ಲದ ಚಿಂದಿಯಾಗುತ್ತದೆ. ಆಮೇಲೆ ಎಲ್ಲೋ ಒಂದು ಶೆಡ್ಡಿನಲ್ಲಿ ಹೆಣ್ಣುಮಕ್ಕಳು ನೆಲದ ಮೇಲೆ ಕೂತು, ಕೈಯಲ್ಲಿ ಮುಟ್ಟಿ, ಕಣ್ಣಳತೆಯಲ್ಲಿ ಬಣ್ಣ ಹೊಂದಿಸಿ ಅದನ್ನೇ ಮತ್ತೆ ಬೇರ್ಪಡಿಸುತ್ತಾರೆ. ಭಾರತದ ಜವಳಿ ಕಸದಲ್ಲಿ 59 ಶೇಕಡಾ ಹೇಗೋ ಮರಳಿ ಜವಳಿ ಲೋಕಕ್ಕೇ ಸೇರುತ್ತದೆ ಎಂದು ಅದೇ 2022ರ ವರದಿ ಹೇಳುತ್ತದೆ. ಆ 59 ಶೇಕಡಾ ಈ ಹೆಣ್ಣುಮಕ್ಕಳ ಬೆರಳುಗಳ ದುಡಿಮೆ. ಅದಕ್ಕೆ ತಕ್ಕ ಕೂಲಿಯೂ ಇಲ್ಲ, ಹೆಸರೂ ಇಲ್ಲ. ಹತ್ತೊಂಬತ್ತು ಶೇಕಡಾ ಹಾಸಿಗೆಯ ಹೂರಣ, ಯಂತ್ರ ಒರೆಸುವ ಬಟ್ಟೆಯಂಥ ಕೆಳಮಟ್ಟದ ಬಳಕೆಗೆ ಇಳಿಯುತ್ತದೆ. ಐದು ಶೇಕಡಾ ಸುಟ್ಟುಹೋಗುತ್ತದೆ. ಹದಿನೇಳು ಶೇಕಡಾ, ಅಂದರೆ ಹದಿಮೂರು ಲಕ್ಷ ಟನ್ನಿಗೂ ಹೆಚ್ಚು, ಭೂಭರ್ತಿ ಸೇರುತ್ತದೆ.

ಚೂರುಗಳನ್ನು ಯಂತ್ರದಲ್ಲಿ ಹಿಂಜಿ ಮತ್ತೆ ನೂಲು ಮಾಡಬಹುದಲ್ಲ ಎಂದು ನೀವು ಕೇಳಬಹುದು. ಮಾಡಬಹುದು, ಮಾಡುತ್ತಿದ್ದಾರೆ ಕೂಡ. ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬಾತ ಉಣ್ಣೆಯ ಚಿಂದಿ ಹಿಂಜಿ ನೂಲು ಮಾಡುವ ಕ್ರಮವನ್ನು 1813ರಲ್ಲೇ ಕಂಡುಕೊಂಡಿದ್ದ. ಇವತ್ತು ಹರಿಯಾಣದ ಪಾಣಿಪತ್ ಈ ಕೆಲಸದ ದೊಡ್ಡ ಕೇಂದ್ರ. ಅಲ್ಲಿನ ಕಂಬಳಿಗಳು ಎಷ್ಟೋ ದೇಶಗಳಿಗೆ ಹೋಗುತ್ತವೆ. ತಿರುಪ್ಪೂರು, ಕೊಯಮತ್ತೂರಿನ ಸುತ್ತಿನ ಓಪನ್ ಎಂಡ್ ನೂಲಿನ ಗಿರಣಿಗಳು ಬನಿಯನ್ ತುಂಡುಗಳನ್ನು ನೂಲಾಗಿಸುತ್ತವೆ. ಒಳ್ಳೆಯ ಕೆಲಸವೇ. ಆದರೆ ಹಿಂಜಿದಾಗ ಎಳೆ ಮೋಟಾಗುತ್ತದೆ, ನೂಲಿನ ಬಲ ಕುಗ್ಗುತ್ತದೆ, ಹೊಸ ಎಳೆ ಬೆರೆಸದೆ ಒಳ್ಳೆಯ ಬಟ್ಟೆ ಬರುವುದು ಕಷ್ಟ. ನೂರಕ್ಕೆ ಮೂರು ಭಾಗ ಲೈಕ್ರಾ ಬೆರೆತಿದ್ದರೂ ಯಂತ್ರ ತಡವರಿಸುತ್ತದೆ. ಉಡುಪಿಗೆ ಬಳಸಿದ ವಸ್ತುವಿನಲ್ಲಿ ಮತ್ತೆ ಉಡುಪಾಗಿ ಬರುವುದು ಒಂದು ಶೇಕಡಾಕ್ಕಿಂತ ಕಡಿಮೆ ಎಂದು ಎಲೆನ್ ಮೆಕಾರ್ಥರ್ ಫೌಂಡೇಶನ್ 2017ರಲ್ಲಿ ಹೇಳಿತ್ತು. ಬಿತ್ತಿ, ನೂತು, ನೇಯ್ದು, ಬಣ್ಣ ಹಾಕಿ ಮುಗಿಸಿದ ಬಟ್ಟೆಯನ್ನು ಮತ್ತೆ ಎಳೆಗೆ ಇಳಿಸುವುದೆಂದರೆ ಅಡುಗೆ ಮುಗಿದ ಅನ್ನವನ್ನು ಮತ್ತೆ ಅಕ್ಕಿ ಮಾಡಲು ಹೊರಟಂತೆ. ಬಟ್ಟೆ ಬಟ್ಟೆಯಾಗಿಯೇ ಉಳಿದು ಹೊಲಿಗೆಗೆ ಹೋಗುವುದೇ ಮೊದಲ ದಾರಿ. ಹೊಲಿಯಲು ಬಾರದಷ್ಟು ಚಿಕ್ಕದಾದ ಮೇಲೆ ಹಿಂಜುವ ಯಂತ್ರಕ್ಕೆ ಕೊಡಬೇಕು.

ಹೊಲಿಗೆಯ ಈ ದಾರಿಯನ್ನು ಹಿಡಿದವರಿದ್ದಾರೆ. ಎಸ್ಟೋನಿಯಾದ ವಿನ್ಯಾಸಕಿ ರೀಟ್ ಔಸ್ ಬಾಂಗ್ಲಾದೇಶದ ಬೆಕ್ಸಿಮ್ಕೊ ಕಾರ್ಖಾನೆಯ ಒಳಗೇ ಕೂತು, ಅಲ್ಲಿ ಉಳಿದ ಬಟ್ಟೆಯಿಂದ ಅಲ್ಲಿಯೇ ಸಾವಿರಗಟ್ಟಲೆ ಉಡುಪು ಹೊಲಿಸಬಹುದೆಂದು ತೋರಿಸಿದರು. ಆ ಹುಡುಕಾಟವನ್ನು ‘ಔಟ್ ಆಫ್ ಫ್ಯಾಷನ್’ ಎಂಬ ಸಾಕ್ಷ್ಯಚಿತ್ರ ದಾಖಲಿಸಿದೆ. ದೆಹಲಿಯಲ್ಲಿ ಕೃತಿ ತುಲಾ 2012ರಲ್ಲಿ ಆರಂಭಿಸಿದ ಡೂಡ್ಲೇಜ್ ಕಾರ್ಖಾನೆಗಳ ಉಳಿಕೆ ಬಟ್ಟೆಯಿಂದಲೇ ಉಡುಪು ರೂಪಿಸುತ್ತದೆ. ನ್ಯೂಯಾರ್ಕಿನ ಫ್ಯಾಬ್‌ಸ್ಕ್ರ್ಯಾಪ್ 2016ರಿಂದ ವಿನ್ಯಾಸಕರ ಸ್ಟುಡಿಯೋಗಳ ಉಳಿಕೆಯನ್ನು ತಂದು, ಸ್ವಯಂಸೇವಕರ ಕೈಯಲ್ಲಿ ಬೇರ್ಪಡಿಸಿ, ವಿದ್ಯಾರ್ಥಿಗಳಿಗೂ ಹೊಲಿಗೆ ಬಲ್ಲವರಿಗೂ ತಲುಪಿಸುತ್ತದೆ. ಐಷಾರಾಮಿ ಬ್ರ್ಯಾಂಡುಗಳ ಒಡೆತನ ಹೊಂದಿರುವ ಎಲ್‌ವಿಎಂಎಚ್ ಕೂಡ 2021ರಲ್ಲಿ ನೋನಾ ಸೋರ್ಸ್ ಎಂಬ ಮಾರಾಟ ವೇದಿಕೆ ತೆರೆದು ತನ್ನ ಉಳಿಕೆ ಬಟ್ಟೆಯನ್ನು ಚಿಕ್ಕ ವಿನ್ಯಾಸಕರಿಗೆ ಮಾರತೊಡಗಿತು. 1999ರಲ್ಲಿ ಅಂಶು ಗುಪ್ತಾ ಆರಂಭಿಸಿದ ಗೂಂಜ್, ಉಡಲು ಬಾರದ ಹತ್ತಿ ಬಟ್ಟೆಯನ್ನು ಶುಚಿಗೊಳಿಸಿ ಮುಟ್ಟಿನ ಪ್ಯಾಡುಗಳನ್ನಾಗಿ ಮಾಡಿ ಹಳ್ಳಿಯ ಹೆಣ್ಣುಮಕ್ಕಳಿಗೆ ಒದಗಿಸಿತು. ಇವರೆಲ್ಲರ ಕೆಲಸವನ್ನು ಒಟ್ಟು ಸೇರಿಸಿದರೂ ಸೆಕೆಂಡಿಗೆ 247 ಕೆಜಿಯ ಮುಂದೆ ಅದು ಚಿಕ್ಕದೇ. ದಾರಿ ಇದೆ ಎಂಬುದಕ್ಕೆ ಮಾತ್ರ ಅಷ್ಟು ಪುರಾವೆ ಸಾಕು.

ನಮ್ಮ ಕಡೆ ಈ ವಿದ್ಯೆಗೆ ಪಾಠಶಾಲೆಯೇ ಬೇಕಿರಲಿಲ್ಲ. ಸೀರೆ, ಪಂಚೆಗಳಲ್ಲಿ ಕತ್ತರಿಯ ಕೆಲಸವೇ ಇಲ್ಲ. ಐದೂವರೆ ಮೀಟರ್ ನೇಯ್ದರೆ ಐದೂವರೆ ಮೀಟರೂ ಮೈಮೇಲೆ. ಜಪಾನಿನ ಕಿಮೋನೊ ಕೂಡ ಸುಮಾರು 36 ಸೆಂಟಿಮೀಟರ್ ಅಗಲದ, ಹನ್ನೆರಡು ಮೀಟರ್ ಉದ್ದದ ಒಂದೇ ಪಟ್ಟಿಯನ್ನು ನೇರ ಗೆರೆಯಲ್ಲಿ ಎಂಟು ಭಾಗ ಮಾಡಿ ಹೊಲಿದದ್ದು. ಚೂರು ಬೀಳುವುದೇ ಇಲ್ಲ. ಇನ್ನು ಉತ್ತರ ಕರ್ನಾಟಕದ ಕೌದಿಯನ್ನು ಲೆಕ್ಕದ ಕಣ್ಣಿನಿಂದ ನೋಡಿ. ಹರಿದ ಐದಾರು ಸೀರೆ, ಧೋತರಗಳನ್ನು ಪದರವಾಗಿಟ್ಟು, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಅಂಚಿಗೆ ದಾರ ಓಡಿಸುತ್ತಾರೆ. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿಯಲ್ಲಿ ಸಾಲಿನಿಂದ ಸಾಲಿಗೆ ಒಂದು ಸೆಂಟಿಮೀಟರ್, ಹೊಲಿಗೆಯಿಂದ ಹೊಲಿಗೆಗೆ ಒಂದು ಸೆಂಟಿಮೀಟರ್ ಅಂತರವಿದ್ದರೂ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಹೊಲಿಗೆ ಬೀಳುತ್ತವೆ. ನಿಮಿಷಕ್ಕೆ ಇಪ್ಪತ್ತು ಹೊಲಿಗೆ ಹಾಕುವ ಚುರುಕಾದ ಕೈಗೂ ಹದಿನೆಂಟು ಗಂಟೆಯ ಕೆಲಸ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರು ಈ ಸಂಖ್ಯೆಗಳನ್ನು ಎಣಿಸಿದವರಲ್ಲ, ಬೆನ್ನು ಬಗ್ಗಿಸಿ ಹೊಲಿದವರು. ಕೌದಿ ಸವೆದರೆ ಅದರ ತುಂಡು ಒಲೆಯ ಮುಂದಿನ ಮಸಿಬಟ್ಟೆಯಾಗುತ್ತಿತ್ತು.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ, ಕೌದಿಯಂಥದೇ ಕವಂದಿ ಎಂಬ ಹೊದಿಕೆಯ ಮೂಲೆಗಳಲ್ಲಿ ‘ಫುಲ’ ಎಂಬ ಮುಮ್ಮೂಲೆಯ ಮಡಿಕೆ ತುಂಡುಗಳಿರಬೇಕು, ಇಲ್ಲದಿದ್ದರೆ ಅದು ಪೂರ್ತಿಯಾದಂತಲ್ಲ. ಆ ಹೊದಿಕೆಗಳು 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ, ಸಂಡೂರಿನ 450ಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿಗಳು ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಉಳಿದ ಬಟ್ಟೆಯ ತುಂಡುಗಳನ್ನು ಕೂಡಿಸಿ ಬಟ್ಟೆ ಕಟ್ಟುವುದು ಆ ಕಲೆಯ ಒಂದು ಮುಖ್ಯ ಭಾಗ.

ನಾನು ಅಂದಾಜಿಸಿದ ಆ 10.9 ಲಕ್ಷ ಟನ್ ಬಟ್ಟೆಯನ್ನೆಲ್ಲ ಎರಡೂವರೆ ಕೆಜಿಯ ಕೌದಿಗಳಾಗಿ ಮಾಡಿದರೆ 43 ಕೋಟಿಗೂ ಹೆಚ್ಚು ಕೌದಿ ಆಗುತ್ತವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ತೊಟ್ಟಿಲ ಕೂಸಿನಿಂದ ಮುದುಕರವರೆಗೆ ತಲೆಗೆ ಏಳು ಕೌದಿ, ಪ್ರತಿವರ್ಷ. ಆದರೆ ಅವನ್ನು ಹೊಲಿಯುವ ಹೊತ್ತು? ಪ್ರತಿಯೊಂದಕ್ಕೂ ಹದಿನೆಂಟು ಗಂಟೆ. ಸಾದಾ ಟೀ ಶರ್ಟೊಂದಕ್ಕೆ ಹೊಲಿಗೆಯ ಲೈನಿನಲ್ಲಿ ಕೊಡುವ ಅವಧಿ ಹತ್ತು ನಿಮಿಷಕ್ಕೂ ಕಡಿಮೆ. ಉಳಿಕೆ ಬಟ್ಟೆ ಏಕೆ ಉಳಿದೇ ಹೋಗುತ್ತದೆ ಎಂಬುದರ ಉತ್ತರ ಈ ಎರಡು ಅಂಕಿಗಳ ನಡುವೆ ಇದೆ. ಬಟ್ಟೆ ಅಗ್ಗ, ಬೇರ್ಪಡಿಸುವ ಮತ್ತು ಕೂಡಿಸುವ ಕೈಗಳ ಸಮಯ ದುಬಾರಿ. ಅಂಗೈಯಗಲದ ಚೂರುಗಳಿಂದ ಶುರು ಮಾಡಿದರೆ ಯಾವ ಕಾರ್ಖಾನೆಯೂ ಎರಡು ದಿನ ಮುಂದುವರಿಯಲಾರದು. ದೊಡ್ಡದರಿಂದ ಶುರು ಮಾಡಬೇಕು. ಪೂರ್ತಿ ರೋಲುಗಳು ಇಡೀ ಉಡುಪಿಗೆ, ಮೀಟರಿನಷ್ಟು ಉಳಿದದ್ದು ಮಕ್ಕಳ ಅಂಗಿಗೆ, ರವಿಕೆಗೆ. ತಿರಸ್ಕೃತ ತೋಳು, ಬೆನ್ನಿನ ಭಾಗಗಳು ಜೇಬಿಗೆ, ಕಾಲರಿಗೆ, ಚೀಲಕ್ಕೆ. ಅಲ್ಲಿಯೂ ಸಲ್ಲದ ಚೂರು ಹಿಂಜುವ ಗಿರಣಿಗೆ, ಅದೂ ಹತ್ತಿಯದು ಬೇರೆ, ಪಾಲಿಯೆಸ್ಟರಿನದು ಬೇರೆ.

ಇಲ್ಲಿ ಎರಡು ಎಚ್ಚರದ ಮಾತು ಹೇಳಲೇಬೇಕು. ಉಳಿಕೆ ಬಟ್ಟೆಗೆ ಒಳ್ಳೆಯ ಬೆಲೆ ಸಿಗತೊಡಗಿದರೆ, ಉಳಿಯಲಿ ಎಂದೇ ಹೆಚ್ಚು ನೇಯುವ ಮಿಲ್ಲುಗಳೂ ಹುಟ್ಟಿಕೊಳ್ಳಬಹುದು. ಹಾಗೆ ನೇಯ್ದದ್ದು ಉಳಿಕೆಯಲ್ಲ, ಆ ಹೆಸರಿನಲ್ಲಿ ಮಾರುವ ಹೊಸ ಸರಕು. ಎರಡನೆಯದು, ಉಳಿಕೆಯಿಂದ ಹೊಲಿದ ಅಂಗಿ ಹೊಸ ಬಟ್ಟೆಯ ಒಂದು ಅಂಗಿಯನ್ನು ತಪ್ಪಿಸಿದರೆ ಮಾತ್ರ ಭೂಮಿಗೆ ಲಾಭ. ಅದರ ಜೊತೆಗೆ ಇನ್ನೊಂದಾಗಿ ಬೀರು ಸೇರಿದರೆ ಏನೂ ಉಳಿಯಲಿಲ್ಲ. ಜಗತ್ತಿನ ನಾರಿನ ಉತ್ಪಾದನೆ 2000ದಲ್ಲಿ 5.8 ಕೋಟಿ ಟನ್ ಇದ್ದದ್ದು 2023ರ ಹೊತ್ತಿಗೆ 12.4 ಕೋಟಿ ಟನ್ ದಾಟಿತು. ಭೂಮಿಯ ಮೇಲಿನ ಪ್ರತಿ ಮನುಷ್ಯನಿಗೆ ವರ್ಷಕ್ಕೆ ಹದಿನೈದು ಕೆಜಿಯಷ್ಟು ಬಂತು. ಈ ಏರಿಕೆ ಹೀಗೆಯೇ ಸಾಗಿದರೆ ಎಷ್ಟು ಚೂರು ಆಯ್ದರೂ ಸಾಲದು.

ಮಾರಾಟವಾಗದ ಬಟ್ಟೆಯ ಕಥೆಯೂ ಇದಕ್ಕೇ ಕೂಡಿಕೊಂಡಿದೆ. 2018ರಲ್ಲಿ ಎಚ್ ಅಂಡ್ ಎಂ ಬಳಿ ಮಾರಾಟವಾಗದೆ ಉಳಿದ ಉಡುಪಿನ ಮೌಲ್ಯ 430 ಕೋಟಿ ಡಾಲರ್. ಅದೇ ವರ್ಷ ಬರ್ಬೆರಿ ಹಿಂದಿನ ಹನ್ನೆರಡು ತಿಂಗಳಲ್ಲಿ 2.86 ಕೋಟಿ ಪೌಂಡ್ ಬೆಲೆಯ ಸರಕನ್ನು ನಾಶಮಾಡಿದ್ದು ಬಯಲಾಗಿ, ಜನ ರೊಚ್ಚಿಗೆದ್ದ ಮೇಲೆ ಆ ಪದ್ಧತಿಯನ್ನು ನಿಲ್ಲಿಸುವುದಾಗಿ ಕಂಪನಿ ಪ್ರಕಟಿಸಿತು. ಫ್ರಾನ್ಸ್‌ನಲ್ಲಿ ಮಾರಾಟವಾಗದ ಬಟ್ಟೆಯನ್ನು ನಾಶಮಾಡುವುದು 2022ರಿಂದ ಕಾನೂನುಬಾಹಿರ. ಯುರೋಪಿಯನ್ ಒಕ್ಕೂಟದ ಇಂಥದೇ ನಿಯಮ ದೊಡ್ಡ ಕಂಪನಿಗಳಿಗೆ 2026ರ ಜುಲೈ 19ರಿಂದ ಅನ್ವಯ. ಈ ಕಾನೂನುಗಳೆಲ್ಲ ನೋಡುವುದು ಸಿದ್ಧವಾದ ಉಡುಪನ್ನು. ಪೀಣ್ಯ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರ, ಮದ್ದೂರಿನ ಕಟಿಂಗ್ ಮೇಜಿನ ಕೆಳಗೆ ಬಿದ್ದದ್ದು ಅವುಗಳ ಕಣ್ಣಿಗೆ ಬೀಳುವುದಿಲ್ಲ.

ಅಲ್ಲಿಗೆ ಬೇಕಾದ ಕ್ರಮ ಬಹಳ ಚಿಕ್ಕದು. ಹತ್ತಿಗೊಂದು, ಪಾಲಿಯೆಸ್ಟರಿಗೊಂದು, ಬೆರಕೆಗೊಂದು ಎಂದು ಮೂರು ಮೂಟೆ ಇಡಲಿ. ಪ್ರತಿ ಮೂಟೆಯ ಮೇಲೆ ನಾರು ಯಾವುದು, ತೂಕವೆಷ್ಟು, ಬಣ್ಣವೇನು ಎಂದು ಒಂದು ಚೀಟಿ ಅಂಟಿಸಲಿ. ಉಳಿದ ರೋಲುಗಳ ಪಟ್ಟಿಯನ್ನು ಗೋಡೌನಿನಲ್ಲಿ ಮುಚ್ಚಿಡದೆ ಜಿಲ್ಲೆಯ ಹೊಲಿಗೆ ಘಟಕಗಳಿಗೆ, ಸ್ತ್ರೀಶಕ್ತಿ ಸಂಘಗಳಿಗೆ ತಿಳಿಸಲಿ. ಬೇರ್ಪಡಿಸುವ ಹೆಣ್ಣುಮಗಳ ಕೂಲಿಯನ್ನು ಶರ್ಟಿನ ಬೆಲೆಯಲ್ಲೇ ಸೇರಿಸಿ ಖರೀದಿದಾರ ಕಂಪನಿ ಕೊಡಲಿ. ಸರ್ಕಾರ ತನ್ನ ಜವಳಿ ನೀತಿಯಲ್ಲಿ ಕೊಡುವ ರಿಯಾಯಿತಿಗಳಿಗೆ ಇದನ್ನೊಂದು ಷರತ್ತಾಗಿಸಲಿ.

ಕೊಳ್ಳುವವರಾದ ನಮ್ಮ ಪಾಲೂ ಇದೆ. ಇನ್ನೂರು ಮೀಟರ್ ಉಳಿಕೆ ಬಟ್ಟೆಯಿಂದ ನೂರಮೂವತ್ತು ಶರ್ಟು ಬರುತ್ತವೆ. ಮುಗಿದರೆ ಮುಗಿಯಿತು, ಅದೇ ಬಣ್ಣ ಮತ್ತೆ ಸಿಗುವುದಿಲ್ಲ. ನಮ್ಮ ಅಳತೆಯದು ಸಿಗದೆಯೂ ಹೋದೀತು. ಚಿಕ್ಕಪೇಟೆಯಲ್ಲಿ ಕಟ್‌ಪೀಸ್ ಆರಿಸಿ ರವಿಕೆ ಹೊಲಿಸಿಕೊಂಡವರಿಗೆ ಇದು ಹೊಸದಲ್ಲ. ಅಂಗಡಿಯವರನ್ನು ಈ ಬಟ್ಟೆ ಎಲ್ಲಿಯದು, ನಿಜವಾಗಿ ಉಳಿದದ್ದೇ ಎಂದು ಕೇಳಿ. ಒಳಜೇಬು ಬೇರೆ ಬಣ್ಣದ ತುಂಡಿನಲ್ಲಿದ್ದರೆ ಅದನ್ನು ದೋಷವೆಂದು ಹಿಂದಿರುಗಿಸಬೇಡಿ. ಮುಂದಿನ ಸಲ ಅಂಗಿ ಹೊಲಿಸಲು ಕೊಟ್ಟಾಗ ಉಳಿದ ತುಂಡನ್ನು ದರ್ಜಿಯವರಿಂದ ಕೇಳಿ ಪಡೆಯಿರಿ; ನಿಮಗೆ ಬೇಡವಾದರೆ, ಕೌದಿಯನ್ನೋ ಮಕ್ಕಳ ಬಟ್ಟೆಯನ್ನೋ ಹೊಲಿಯುವವರಿಗೆ ಕೊಡಲು ಅವರಿಗೇ ಹೇಳಿ ಬನ್ನಿ.